ಧೂಪಕ್ಕೆ ಮುಂಚಿನ ಕೆಲಸ

ಚಾಮರಾಜನಗರದ ಸೀಮೆಗೆ ಮಳೆ ಎರಡು ದಿಕ್ಕುಗಳಿಂದ ಬರುತ್ತದೆ. ಮುಂಗಾರು ವಯನಾಡು ನೀಲಗಿರಿಗಳ ಮೇಲೆ ತನ್ನ ಭಾರವನ್ನೆಲ್ಲ ಇಳಿಸಿ, ಉಳಿದುದನ್ನಷ್ಟೇ ಗುಂಡ್ಲುಪೇಟೆಯ ಬಯಲಿಗೆ ತರುವುದು. ಹಿಂಗಾರಾದರೋ ಪೂರ್ವದಿಂದ ಬಂದು, ಆಶ್ವಯುಜ ಕಾರ್ತಿಕ ಮಾಸಗಳಲ್ಲಿ ದಿನಗಟ್ಟಲೆ ಸೂರ್ಯನನ್ನು ಮರೆಮಾಡಿ, ಬಿಳಿಗಿರಿರಂಗನ ಬೆಟ್ಟದ ನೆತ್ತಿಯಿಂದ ಊರಿನ ಸಂದಿಗೊಂದಿಗಳವರೆಗೆ ಎಲ್ಲವನ್ನೂ ನೆನೆಸಿಬಿಡುವುದು. ಬೇಸಗೆಯಲ್ಲಿ ಯಾವ ವಾಸನೆಯೂ ಇಲ್ಲದಿದ್ದ ಮನೆಯಲ್ಲಿಯೇ ಆ ದಿನಗಳಲ್ಲಿ ಬೀರುವಿನ ಬಾಗಿಲು ತೆರೆದರೆ ಮುಗ್ಗಲು, ಅಡಿಗೆಮನೆಯ ಮೂಲೆಯಲ್ಲಿ ಕಮಟು, ಬಚ್ಚಲಿನಲ್ಲಿ ಕೊಚ್ಚೆಯ ನಾತ ತಲೆದೋರುತ್ತವೆ. ಅಂಗಡಿಯಿಂದ ಡಬ್ಬಿ ತಂದು ಸುವಾಸನೆಯನ್ನು ಸಿಂಪಡಿಸುವುದು ಈಗ ರೂಢಿಗೆ ಬಂದಿರುವ ಪರಿಹಾರ. ಅದರಿಂದ ದುರ್ಗಂಧವು ಮರೆಯಾಗುವುದೇ ವಿನಾ ಕಳೆಯುವುದಿಲ್ಲವೆಂದೂ, ನಮ್ಮ ಹಿಂದಿನ ಮನೆವಾರ್ತೆಯಲ್ಲಿ ಗುಡಿಸುವುದು, ತೊಳೆಯುವುದು, ಒಣಗಿಸುವುದು, ಸುಣ್ಣ ಹೊಡೆಯುವುದು ಇವೆಲ್ಲ ಮುಗಿದ ಮೇಲೆಯೇ ಧೂಪದ ಸರದಿ ಬರುತ್ತಿದ್ದಿತೆಂದೂ, ಆ ಕ್ರಮಕ್ಕೆ ರಸಾಯನಶಾಸ್ತ್ರದ ಸಂಪೂರ್ಣ ಸಮ್ಮತಿ ಇದೆಯೆಂದೂ ಹೇಳುವುದು ಈ ಬರಹದ ಉದ್ದೇಶ.

ವಾಸನೆಯೆಂಬುದು ಕೇವಲ ಮೂಗಿನ ಅನುಭವವಲ್ಲ, ಅದೊಂದು ದ್ರವ್ಯ. ಯಾವುದೋ ಪದಾರ್ಥದಿಂದ ಹೊರಟ ಅಣುಗಳು ಗಾಳಿಯಲ್ಲಿ ತೇಲಿ ಬಂದು ನಮ್ಮ ಮೂಗಿನ ಮೇಲ್ಭಾಗದ ನರಗಳನ್ನು ತಾಕಿದಾಗ ಅದು ನಮಗೆ ವಾಸನೆಯೆಂದು ತೋರುತ್ತದೆ. ಆದುದರಿಂದ ಮನೆಯಲ್ಲಿ ದುರ್ಗಂಧವಿದೆಯೆಂದರೆ ಅದನ್ನು ಹುಟ್ಟಿಸುತ್ತಿರುವ ವಸ್ತುವೊಂದು ಎಲ್ಲಿಯೋ ಇದ್ದೇ ಇದೆ. ಬಹುಮಟ್ಟಿಗೆ ಅಲ್ಲಿ ತೇವವಿದೆ, ಕೊಳೆಯತಕ್ಕ ಪದಾರ್ಥವಿದೆ, ಗಾಳಿಯ ಸಂಚಾರವಿಲ್ಲ. ಈ ಮೂರೂ ಕೂಡಿದೆಡೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು, ತಿಂದುದನ್ನು ಆಮ್ಲ, ಅಮೋನಿಯ, ಗಂಧಕದ ಸಂಯುಕ್ತ ಮುಂತಾದವುಗಳಾಗಿ ಹೊರಹಾಕುತ್ತವೆ. ಮೂರರಲ್ಲಿ ಒಂದನ್ನು ತಪ್ಪಿಸಿದರೂ ಅರ್ಧ ಕೆಲಸ ಆದಂತೆಯೇ.

ಮೊದಲು ಮುಗ್ಗಲನ್ನು ತೆಗೆದುಕೊಳ್ಳೋಣ, ಏಕೆಂದರೆ ಈ ಭಾಗದ ಮನೆಗಳಲ್ಲಿ ಅದು ಹೊಸದಾಗಿ ಹೆಚ್ಚಿರುವ ತೊಂದರೆ. ಮಣ್ಣಿನ ಗೋಡೆ, ಸುಣ್ಣದ ಸಾರಣೆ, ನಾಡಹೆಂಚಿನ ಮಾಡು, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ ಇದ್ದ ಮನೆಯು ಮಳೆಗಾಲದಲ್ಲಿ ತೇವವನ್ನು ಹೀರಿಕೊಂಡು ಬಿಸಿಲು ಬಂದಾಗ ಬಿಟ್ಟುಕೊಡುತ್ತಿದ್ದಿತು. ಹೆಂಚಿನ ಸಂದುಗಳಲ್ಲಿ ಹೊಗೆಯೂ ಆವಿಯೂ ತಾವಾಗಿಯೇ ಹೊರಗೆ ಹೋಗುತ್ತಿದ್ದುವು. ಈಗಿನ ತಾರಸಿ ಮನೆಯಲ್ಲಿ ಗೋಡೆಗೆ ಬಣ್ಣದ ಪದರ, ಕಿಟಕಿಗೆ ಗಾಜು, ಮಲಗುವ ಕೋಣೆಗೇ ಅಂಟಿಕೊಂಡ ಸ್ನಾನದ ಮನೆ. ಕುದಿಯುವ ಸಾರಿನ ಆವಿ, ಮಿಂದ ನೀರಿನ ಆವಿ, ಒಳಗೆ ಹಗ್ಗ ಕಟ್ಟಿ ಹರವಿದ ಒದ್ದೆ ಬಟ್ಟೆಯ ಆವಿ ಎಲ್ಲವೂ ಅಲ್ಲಿಯೇ ಉಳಿದು, ತಂಪಾದ ಗೋಡೆಯ ಮೇಲೆ ಕುಳಿತು, ಬೂಷ್ಟಿಗೆ ಆಶ್ರಯವಾಗುತ್ತವೆ. ಮನೆಯೊಳಗಿನ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 60ನ್ನು ಮೀರದಂತೆ ನೋಡಿಕೊಂಡರೆ ಬೂಷ್ಟು ಹೆಚ್ಚದು ಎಂದು ಆರೋಗ್ಯಶಾಸ್ತ್ರಜ್ಞರು ಹೇಳುತ್ತಾರೆ. ಅದಕ್ಕೆ ಬೇಕಾದುದು ಯಂತ್ರವಲ್ಲ. ಎದುರು ಬದುರಿನ ಎರಡು ಕಿಟಕಿಗಳನ್ನು ಮಧ್ಯಾಹ್ನದ ಹೊಳವಿನಲ್ಲಿ ತೆರೆದಿಡುವುದು, ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಸರಿಸುವುದು, ಬಟ್ಟೆಯನ್ನು ಪೂರ್ತಿ ಒಣಗದೆ ಮಡಿಸದಿರುವುದು.

ಗೋಡೆಗೆ ಸುಣ್ಣ ಬಳಿಯುವ ಪದ್ಧತಿಯನ್ನು ನಾವು ಬಡತನದ ಗುರುತೆಂದು ಬಿಟ್ಟುಕೊಟ್ಟೆವೆಂಬುದು ನನಗೆ ನಿಜವಾಗಿಯೂ ವ್ಯಥೆಯ ಸಂಗತಿ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಹನಿಸಿದಾಗ ಅದು ಕೊತಕೊತನೆ ಕುದಿದು ಅರಳುವುದನ್ನು ಕಂಡವರಿಗೆ ಅದರ ಶಕ್ತಿ ಗೊತ್ತು. ಹಾಗೆ ಅರಳಿದ ಸುಣ್ಣವು ಪ್ರಬಲವಾದ ಕ್ಷಾರ. ಅದರ ನಡುವೆ ಬೂಷ್ಟಾಗಲಿ ಬ್ಯಾಕ್ಟೀರಿಯವಾಗಲಿ ಬದುಕಲಾರದು. ಗೋಡೆಯ ಮೇಲೆ ಒಣಗಿದ ಮೇಲೆ ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ಮೆಲ್ಲಮೆಲ್ಲನೆ ಹೀರಿ ಮತ್ತೆ ಸುಣ್ಣಕಲ್ಲೇ ಆಗುವುದು; ಉಸಿರಾಡುವ ಗೋಡೆಯ ರಂಧ್ರಗಳನ್ನು ಮುಚ್ಚದು. ಎಣ್ಣೆ ಬಣ್ಣ ಬಳಿದ ಗೋಡೆಗೆ ಇದು ಹಿಡಿಯದು. ಆದರೆ ಉಗ್ರಾಣ, ಕೊಟ್ಟಿಗೆ, ಬಚ್ಚಲಿನ ಹೊರಗೋಡೆ ಇವುಗಳಿಗೆ ವರ್ಷಕ್ಕೊಮ್ಮೆ ದೀಪಾವಳಿಗೆ ಮುನ್ನ ಬಳಿದರೆ ಇದಕ್ಕಿಂತ ಅಗ್ಗವಾದ ವಾಸನಾಹರಣ ಮತ್ತೊಂದಿಲ್ಲ. ಬಳಿಯುವವರು ಕಣ್ಣಿಗೆ ಸಿಡಿಯದಂತೆ ಎಚ್ಚರವಾಗಿರಬೇಕು. ಸುಣ್ಣವು ಕಣ್ಣಿನ ಪಾಪೆಯನ್ನು ಸುಡುವಷ್ಟು ತೀಕ್ಷ್ಣವಾದುದು. ಸೆಗಣಿ ಸಾರಿಸುವ ವಿಚಾರವನ್ನು ಇದರೊಡನೆ ಸೇರಿಸಿ ಹೊಗಳುವವರಿದ್ದಾರೆ. ಮಣ್ಣಿನ ನೆಲದ ಧೂಳನ್ನು ಹಿಡಿದಿಡಲು ಅದು ಉಪಯುಕ್ತವೇ ಸರಿ. ಸಿಮೆಂಟಿನ ನೆಲಕ್ಕೂ ಟೈಲ್ಸಿಗೂ ಅದರಿಂದ ಪ್ರಯೋಜನವಿಲ್ಲ.

ಉಗ್ರಾಣದ ಮುಗ್ಗಲಿಗೆ ಈ ತಾಲ್ಲೂಕುಗಳಲ್ಲಿ ಅರಿಸಿನವೇ ಅನೇಕ ವೇಳೆ ಕಾರಣ. ಗುಂಡ್ಲುಪೇಟೆಯ ಹೊಲಗಳಲ್ಲಿ ಕಿತ್ತ ಅರಿಸಿನವನ್ನು ಬೇಯಿಸಿ, ಕಣದಲ್ಲಿ ಹರವಿ, ಹತ್ತು ಹದಿನೈದು ದಿನ ಒಣಗಿಸುತ್ತಾರೆ. ಬೆಲೆಯ ಆಸೆಗೋ ಮೋಡದ ಭಯಕ್ಕೋ ಬೇಗ ಮೂಟೆ ಕಟ್ಟಿ ಮನೆಯೊಳಗೆ ಒಟ್ಟಿದಾಗ ಅದು ಒಳಗೇ ಬೆವರಿ, ಮನೆಯಿಡೀ ಹಸಿ ಮಣ್ಣಿನ ಕಮರು ವಾಸನೆ ಹಬ್ಬುವುದು. ಒಣಗಿದ ಕೊಂಬನ್ನು ಕಿವಿಯ ಬಳಿ ಹಿಡಿದು ಎರಡು ಕೈಯಲ್ಲೂ ಮುರಿದು ನೋಡಬೇಕು: ಲೋಹ ಮುರಿದಂತೆ ಠಣ್ಣೆಂದು ತುಂಡಾದರೆ ತೇವವು ನೂರಕ್ಕೆ ಹತ್ತು ಭಾಗಕ್ಕೆ ಇಳಿದಿದೆಯೆಂದು ತಿಳಿಯಬಹುದು; ಬಾಗಿ ಮುರಿದರೆ ಇನ್ನೂ ಬಿಸಿಲು ಬೇಕು. ಸಾಂಬಾರ್ ಈರುಳ್ಳಿಯದೂ ಇದೇ ಕಥೆ. ರಾಶಿಯ ನಡುವೆ ಒಂದು ಗೆಡ್ಡೆ ಕೊಳೆತರೆ ಅದರ ಗಂಧಕದ ನಾತವನ್ನು ಯಾವ ಅಗರಬತ್ತಿಯೂ ಗೆಲ್ಲಲಾರದು. ಅದನ್ನು ಹುಡುಕಿ ತೆಗೆದು, ಉಳಿದುದನ್ನು ಬಿದಿರಿನ ತಟ್ಟಿಯ ಮೇಲೆ ತೆಳುವಾಗಿ ಹರವಿದರೆ ಅರ್ಧ ದಿನದಲ್ಲಿ ಗಾಳಿ ತಿಳಿಯಾಗುತ್ತದೆ.

ಅಡಿಗೆಮನೆಯ ವಾಸನೆಗಳಿಗೆ ನಮ್ಮ ಹೆಂಗಸರು ಕಂಡುಕೊಂಡಿದ್ದ ಉಪಾಯಗಳು ಅತ್ಯಂತ ಸೂಕ್ಷ್ಮವಾದುವು. ಅವುಗಳ ಹಿಂದಿನ ನಿಯಮವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಹುಳಿಗೆ ಕ್ಷಾರ, ಕ್ಷಾರಕ್ಕೆ ಹುಳಿ. ಹಾಲು ಮಜ್ಜಿಗೆಗಳ ಗಡಿಗೆಯಲ್ಲಿ ಹುಟ್ಟುವ ಕಮಟಿಗೆ ಕಾರಣ ಬ್ಯುಟಿರಿಕ್ ಮುಂತಾದ ಕೊಬ್ಬಿನ ಆಮ್ಲಗಳು. ಒಲೆಯ ಬೂದಿಯಲ್ಲಿ ಪೊಟಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವಿದೆ. ಬೂದಿ ಹಚ್ಚಿ ತಿಕ್ಕಿದಾಗ ಆಮ್ಲವು ಕ್ಷಾರದೊಡನೆ ಕೂಡಿ ಆವಿಯಾಗದ ಲವಣವಾಗುತ್ತದೆ. ಆವಿಯಾಗದುದು ಮೂಗಿಗೆ ಬರಲಾರದು. ಆಮೇಲೆ ಬಿಸಿನೀರು ಹೊಯ್ದು, ಗಡಿಗೆಯನ್ನು ಬಿಸಿಲಿನಲ್ಲಿ ಬೋರಲು ಹಾಕುತ್ತಿದ್ದರು. ಸೌದೆ ಒಲೆ ಹೋದ ಮನೆಗಳಲ್ಲಿ ಈ ಕೆಲಸವನ್ನು ಅಡಿಗೆ ಸೋಡಾ ಮಾಡಬಲ್ಲುದು. ಎಣ್ಣೆಯ ಡಬ್ಬಿ, ಮಕ್ಕಳ ಹಾಲಿನ ಬಾಟಲಿ, ಊಟದ ಕ್ಯಾರಿಯರು ಇವುಗಳ ಕಮಟು ಸೋಡಾ ನೀರಿನಲ್ಲಿ ಒಂದು ರಾತ್ರಿ ನೆನೆದರೆ ಹೋಗುತ್ತದೆ.

ಮೀನಿನ ನೀಚು ವಾಸನೆ ಇದಕ್ಕೆ ವಿರುದ್ಧವಾದ ಜಾತಿಯದು. ಕಡಲ ಮೀನಿನಲ್ಲಿ ಹುಟ್ಟುವ ಟ್ರೈಮಿಥೈಲ್ ಅಮೀನು ಕ್ಷಾರ; ಅದಕ್ಕೆ ಹುಳಿಯೇ ಮದ್ದು. ಸುವರ್ಣಾವತಿ ಚಿಕ್ಕಹೊಳೆ ಜಲಾಶಯಗಳಿಂದಲೂ ಊರ ಕೆರೆಗಳಿಂದಲೂ ನಮ್ಮ ಕಡೆಗೆ ಬರುವ ಸಿಹಿನೀರಿನ ಮೀನಿನಲ್ಲಿ ಮತ್ತೊಂದು ವಾಸನೆ ಇದೆ, ಕೆಸರಿನದು. ಅದರ ಕಾರಣದ್ರವ್ಯವನ್ನು 1965ರಲ್ಲಿ ವಿಜ್ಞಾನಿಗಳು ಬೇರ್ಪಡಿಸಿ ಜಿಯೋಸ್ಮಿನ್ ಎಂದು ಹೆಸರಿಟ್ಟರು. ಮಣ್ಣಿನಲ್ಲಿಯೂ ನೀರಿನಲ್ಲಿಯೂ ಇರುವ ಸೂಕ್ಷ್ಮಜೀವಿಗಳು ಅದನ್ನು ಉತ್ಪಾದಿಸುತ್ತವೆ; ಮೊದಲ ಮಳೆಯಲ್ಲಿ ಕಾದ ನೆಲದಿಂದ ಏಳುವ ಪ್ರಿಯವಾದ ಗಂಧವೂ, ತೆರಕಣಾಂಬಿಯ ಮಂಡಿಯಲ್ಲಿ ಮೂಟೆಯಿಂದ ಸುರಿದ ಬೀಟ್‌ರೂಟಿನ ಮಣ್ಣುವಾಸನೆಯೂ ಅದರದೇ. ಮನುಷ್ಯನ ಮೂಗು ಅದನ್ನು ಲಕ್ಷಕೋಟಿ ಭಾಗ ನೀರಿನಲ್ಲಿ ಕೆಲವೇ ಭಾಗವಿದ್ದರೂ ಗುರುತಿಸುವಷ್ಟು ಚುರುಕು. ಇಂತಹ ಹಠಮಾರಿ ದ್ರವ್ಯವು ಹುಳಿಯೊಡನೆ ಸೇರಿದಾಗ ಒಡೆದು ವಾಸನೆಯಿಲ್ಲದ ಬೇರೊಂದು ದ್ರವ್ಯವಾಗುತ್ತದೆ. ಮೀನನ್ನು ಹುಣಸೆಹಣ್ಣಿನ ರಸ, ಉಪ್ಪು, ಅರಿಸಿನಗಳಲ್ಲಿ ಅದ್ದಿಟ್ಟು ಆಮೇಲೆ ತೊಳೆಯುತ್ತಿದ್ದ ಅಜ್ಜಿಯರಿಗೆ ಆಮ್ಲದ ಹೆಸರು ತಿಳಿದಿರಲಿಲ್ಲ, ಅದರ ಕಾರ್ಯವನ್ನು ಅವರು ಬಲ್ಲವರಾಗಿದ್ದರು. ಮೀನು ಕತ್ತರಿಸಿದ ಹಲಗೆ, ಈಳಿಗೆಮಣೆ, ಕೈ ಇವುಗಳಿಗೂ ಹಿಂಡಿದ ನಿಂಬೆಯ ಹೋಳೇ ಸಾಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಹೇಳಿಬಿಡಬೇಕು. ಸೋಡಾ ಮತ್ತು ವಿನೆಗರನ್ನು ಒಟ್ಟಿಗೆ ಸುರಿದರೆ ನೊರೆಯುಕ್ಕುವುದನ್ನು ಕಂಡು ಅದು ಮಹಾಶಕ್ತಿಯೆಂದು ನಂಬುವವರು ಅನೇಕರು. ನೊರೆಯುಕ್ಕಿ ಶಾಂತವಾದ ಮೇಲೆ ಉಳಿಯುವುದು ಸಪ್ಪೆಯಾದ ಲವಣದ ನೀರು. ಎರಡೂ ಪರಸ್ಪರ ತಮ್ಮ ಬಲವನ್ನು ಕಳೆದುಕೊಂಡಿರುತ್ತವೆ. ಬೇಕಾದುದನ್ನು ಬೇಕಾದೆಡೆಗೆ ಒಂದೊಂದಾಗಿ ಬಳಸುವುದೇ ಸರಿ.

ಫ್ರಿಜ್ಜಿನಂತಹ ಮುಚ್ಚಿದ ಪೆಟ್ಟಿಗೆಗೆ ಇದ್ದಿಲು ಒಳ್ಳೆಯದು. ಇದ್ದಿಲಿನ ಮೈಯೆಲ್ಲ ರಂಧ್ರಮಯ. ವಾಸನೆಯ ಅಣುಗಳು ಆ ರಂಧ್ರಗಳ ಗೋಡೆಗೆ ಅಂಟಿಕೊಂಡು ಉಳಿಯುತ್ತವೆ. ಕಾರ್ಖಾನೆಯಲ್ಲಿ ಸಂಸ್ಕರಿಸಿದ ಇದ್ದಿಲಿನ ಒಂದೇ ಗ್ರಾಮಿನಲ್ಲಿ 500 ಚದರ ಮೀಟರಿಗೂ ಮಿಗಿಲಾದ ಮೈ ಇರುತ್ತದೆಂದರೆ ಕೇಳಿದವರು ಬೆರಗಾಗುವರು. ಮನೆಯಲ್ಲಿ ತೆಂಗಿನ ಚಿಪ್ಪು ಸುಟ್ಟು ಮಾಡಿದ ಇದ್ದಿಲಿಗೆ ಅಷ್ಟು ಬಲವಿಲ್ಲದಿದ್ದರೂ, ಒಂದು ಹಿಡಿಯನ್ನು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿಟ್ಟು, ಆಗಾಗ ಚುರುಗುಟ್ಟುವ ಬಿಸಿಲಿಗೆ ಹಾಕಿ ತೆಗೆದರೆ ಕೆಲವು ತಿಂಗಳು ನಡೆಯುತ್ತದೆ. ಚಪ್ಪಲಿಗೂಡಿಗೂ ಇದೇ.

ಬಟ್ಟೆಯ ಪೆಟ್ಟಿಗೆಗೆ ಬೇವಿನ ಎಲೆ, ಲಕ್ಕಿ ಸೊಪ್ಪು, ಲಾವಂಚದ ಬೇರು ಇಡುವ ವಾಡಿಕೆ ಇತ್ತು. ಎಲೆಗಳನ್ನು ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಿ ಇಡಬೇಕು; ಹಸಿಯ ಎಲೆಯಿಟ್ಟರೆ ಅದೇ ಮುಗ್ಗಲಿಗೆ ಬೀಜವಾಗುತ್ತದೆ. ಪೇಟೆಯ ನುಸಿಗುಳಿಗೆಯನ್ನು ಹಸುಗೂಸಿನ ಬಟ್ಟೆಗಳ ನಡುವೆ ಇಡಲೇಕೂಡದು. ಅದರಲ್ಲಿರುವ ನ್ಯಾಫ್ತಲೀನು, ರಕ್ತದಲ್ಲಿ ಒಂದು ಬಗೆಯ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಮಕ್ಕಳಲ್ಲಿ ರಕ್ತಕಣಗಳನ್ನು ಒಡೆದು ಕಾಮಾಲೆ ತರುವುದುಂಟು.

ಬಚ್ಚಲಿಗೆ ಬರೋಣ. ಹಿಂದೆ ಬಚ್ಚಲ ನೀರು ಹಿತ್ತಲಿಗೆ ಹರಿದು ಬಾಳೆಯ ಬುಡಕ್ಕೂ ಕೆಸುವಿನ ಗುಂಡಿಗೂ ಹೋಗುತ್ತಿದ್ದಿತು. ನೀರು ನಿಲ್ಲುತ್ತಿರಲಿಲ್ಲ, ನಿಲ್ಲದ ನೀರು ನಾರುತ್ತಿರಲಿಲ್ಲ. ಈಗ ನೆಲದಡಿಯ ಕೊಳವೆಯಲ್ಲಿ ಬಾಗಿದ ಕತ್ತೊಂದನ್ನು ಇಟ್ಟಿರುತ್ತಾರೆ. ಅದರಲ್ಲಿ ಸದಾ ನಿಂತಿರುವ ಸ್ವಲ್ಪ ನೀರು ಚರಂಡಿಯ ಅನಿಲ ಒಳಬಾರದಂತೆ ಬಾಗಿಲಿನ ಕೆಲಸ ಮಾಡುತ್ತದೆ. ಅತಿಥಿಗಳಿಗೆಂದು ಕಟ್ಟಿಸಿ ಬಳಸದೆ ಬಿಟ್ಟ ಸ್ನಾನದ ಮನೆಯಲ್ಲಿ ಚೈತ್ರ ವೈಶಾಖದ ಬಿಸಿಲಿಗೆ ಆ ನೀರು ಒಣಗಿಹೋಗಿ, ಎಷ್ಟು ತಿಕ್ಕಿದರೂ ಹೋಗದ ನಾತ ಬರುತ್ತದೆ. ವಾರಕ್ಕೊಮ್ಮೆ ಒಂದು ಚೆಂಬು ನೀರು ಹೊಯ್ದರೆ ತೀರಿತು. ಬಹುಕಾಲ ಊರಲ್ಲಿರದವರು ಅದರ ಮೇಲೆ ಒಂದು ಚಮಚ ಅಡಿಗೆ ಎಣ್ಣೆ ಬಿಟ್ಟರೆ ನೀರು ಆರುವುದು ನಿಧಾನವಾಗುವುದು. ಜಾಲರಿಯ ಕೆಳಗೆ ಕೂದಲೂ ಸೋಪಿನ ಜಿಡ್ಡೂ ಸೇರಿ ಆದ ಲೋಳೆಯನ್ನು ಕೈಯಿಂದಲೇ ತೆಗೆಯಬೇಕು. ಆಮೇಲೆ ಅಂಟುವಾಳದ ತೊಗಲನ್ನು ರಾತ್ರಿ ನೆನೆಸಿ ಬೆಳಗ್ಗೆ ಕುದಿಸಿ ಸೋಸಿದ ನೀರಿನಿಂದ ನೆಲವನ್ನು ತಿಕ್ಕಬಹುದು. ಅದರಲ್ಲಿರುವ ಸಪೋನಿನ್ ಎಂಬ ನೊರೆದ್ರವ್ಯ ಜಿಡ್ಡನ್ನು ಬಿಡಿಸುತ್ತದೆ. ಕಿತ್ತಳೆ ನಿಂಬೆಗಳ ಸಿಪ್ಪೆ ಮೂರು ಪಾಲು, ಬೆಲ್ಲ ಒಂದು ಪಾಲು, ನೀರು ಹತ್ತು ಪಾಲು ಸೇರಿಸಿ, ಮೊದಮೊದಲು ದಿನವೂ ಮುಚ್ಚಳ ಸಡಿಲಿಸಿ ಗಾಳಿ ಬಿಡುತ್ತ, ಮೂರು ತಿಂಗಳು ಹುಳಿ ಬರಿಸಿದ ದ್ರಾವಣವನ್ನು ಈಗ ಅನೇಕ ಮನೆಗಳಲ್ಲಿ ಮಾಡುತ್ತಾರೆ. ಅದಕ್ಕೆ ಅದ್ಭುತ ಗುಣಗಳನ್ನೆಲ್ಲ ಆರೋಪಿಸಬೇಕಾಗಿಲ್ಲ; ಅದು ಮುಖ್ಯವಾಗಿ ಸೌಮ್ಯವಾದ ಹುಳಿನೀರು, ಮೂತ್ರದ ಅಮೋನಿಯ ವಾಸನೆಗೆ ಹುಳಿ ತಕ್ಕುದಾದ್ದರಿಂದ ಫಲ ಕೊಡುತ್ತದೆ. ಆದರೆ ಬ್ಲೀಚಿಂಗ್ ಪುಡಿ ಹಾಕಿದೆಡೆಯಲ್ಲಿ ಇದನ್ನಾಗಲಿ, ನಿಂಬೆಯನ್ನಾಗಲಿ, ಕಕ್ಕಸು ತೊಳೆಯುವ ಆಸಿಡ್ಡನ್ನಾಗಲಿ ಸುರಿಯಕೂಡದು. ಹುಳಿ ತಾಕಿದೊಡನೆ ಬ್ಲೀಚಿನಿಂದ ಏಳುವ ಕ್ಲೋರಿನ್ ಅನಿಲವು ಶ್ವಾಸಕೋಶವನ್ನು ಸುಡುವಂಥದು.

ಎಲ್ಲ ದುರ್ಗಂಧವೂ ನಮ್ಮ ಶತ್ರುವಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಅಡಿಗೆಯ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದೇ ಅದಕ್ಕೆ ಈಥೈಲ್ ಮರ್ಕ್ಯಾಪ್ಟನ್ ಎಂಬ ನಾರುವ ದ್ರವ್ಯವನ್ನು ಬೆರೆಸುತ್ತಾರೆ. ಆ ವಾಸನೆ ಬಂದಾಗ ಊದುಬತ್ತಿ ಹಚ್ಚುವುದೆಂದರೆ ಮನೆಗೆ ಬೆಂಕಿಯಿಡುವುದೇ ಸರಿ. ಕಿಟಕಿ ತೆರೆದು, ಸಿಲಿಂಡರಿನ ಕೀಲಿ ತಿರುಗಿಸಿ, ದೀಪದ ಗುಂಡಿಯನ್ನೂ ಮುಟ್ಟದೆ ಹೊರಗೆ ಬರಬೇಕು. ಇದಕ್ಕೆ ಪ್ರತಿಯಾಗಿ, ರಾಗಿಯ ಹಗೇವಿನಲ್ಲಿ ಕಾಳಿನ ಉಸಿರಿನಿಂದ ತುಂಬುವ ಇಂಗಾಲದ ಡೈ ಆಕ್ಸೈಡಿಗೆ ವಾಸನೆಯೇ ಇಲ್ಲ. ಬಾಯಿ ತೆಗೆದ ಹಗೇವಿಗೆ ಗಾಳಿ ಆಡುವವರೆಗೆ ಯಾರನ್ನೂ ಇಳಿಸಬಾರದೆಂದು ಹಳ್ಳಿಯ ಹಿರಿಯರು ಕಟ್ಟುನಿಟ್ಟು ಮಾಡುತ್ತಿದ್ದುದು ಆ ಕಾರಣದಿಂದ. ಕಕ್ಕಸು ಗುಂಡಿಯ ಹೈಡ್ರೋಜನ್ ಸಲ್ಫೈಡು ಇನ್ನೂ ಮೋಸದ್ದು: ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯಂತೆ ನಾರಿ, ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸಿ, ವಾಸನೆ ಹೋಯಿತೆಂಬ ಭ್ರಮೆಯಲ್ಲಿಯೇ ಪ್ರಾಣ ತೆಗೆಯುತ್ತದೆ. ಮನುಷ್ಯರನ್ನು ಅಂತಹ ಗುಂಡಿಗೆ ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಕಾನೂನು ಇರದಿದ್ದರೂ ಮನುಷ್ಯತ್ವವುಳ್ಳವರು ಮಾಡತಕ್ಕ ಕೆಲಸ ಅದಲ್ಲ.

ರೇಷ್ಮೆಯ ಊರುಗಳ ಮಾತನ್ನು ಬಿಡಲಾಗದು. ಹುಳು ಸಾಕುವ ಮನೆಯಲ್ಲಿ ತಟ್ಟೆಯಡಿಯ ಹಿಕ್ಕೆಯೂ ಬಾಡಿದ ಸೊಪ್ಪೂ ಕಲೆತು ಬಿಸಿಯೇರಿ ಅಮೋನಿಯ ಬಿಡುವುದರಿಂದ ಹುಳುವೂ ಸೊರಗುವುದು, ಮನೆಯವರ ಕಣ್ಣೂ ಉರಿಯುವುದು. ಹಾಸಿಗೆಯನ್ನು ಹೊತ್ತಿಗೆ ಸರಿಯಾಗಿ ಬದಲಿಸಿ ಅರಳಿದ ಸುಣ್ಣದ ಹುಡಿಯನ್ನು ತೆಳುವಾಗಿ ಉದುರಿಸಿದರೆ ಅದು ತೇವ ಹೀರುತ್ತದೆ. ನೂಲು ಬಿಚ್ಚುವ ಮನೆಗಳ ವಾಸನೆಗೆ ಕಾರಣ ಕೋಶಾವಸ್ಥೆಯ ಹುಳು. ಒಣಗಿದಾಗ ಅದರ ತೂಕದ ಕಾಲುಭಾಗದಷ್ಟು ಕೊಬ್ಬೇ ಇರುವುದರಿಂದ ಬೇಗ ಕಮಟುತ್ತದೆ. ಅದಕ್ಕೆ ಮನೆಮದ್ದಿಲ್ಲ, ಆಯಾ ದಿನವೇ ಮೀನಿನ ಅಥವಾ ಕೋಳಿಯ ಆಹಾರಕ್ಕೆ ಸಾಗಿಸುವ ಏರ್ಪಾಡೇ ಮದ್ದು.

ಇಷ್ಟೆಲ್ಲ ಆದ ಮೇಲೆ ಧೂಪ. ಸಂಜೆ ಕೆಂಡದ ಮೇಲೆ ಸಾಂಬ್ರಾಣಿಯನ್ನೋ ಹಾಲುಮಡ್ಡಿಯನ್ನೋ ಉದುರಿಸಿ ಕೋಣೆ ಕೋಣೆಗೂ ಹಿಡಿಯುವುದು ಚೆಲುವಾದ ಆಚಾರ, ನನಗೆ ಪ್ರಿಯವಾದ ಆಚಾರ. ಆದರೆ ಹೊಗೆ ಹೊಗೆಯೇ. ಅದರ ಸೂಕ್ಷ್ಮ ಕಣಗಳು ಸೌದೆಯ ಹೊಗೆಯಂತೆಯೇ ಎದೆಗೆ ಇಳಿಯುತ್ತವೆ. ತೊಟ್ಟಿಯ ಮನೆಯಲ್ಲಿ ಅದು ಮೇಲೇರಿ ಹೋಗುತ್ತಿದ್ದಿತು. ಗಾಜು ಹಾಕಿದ ಕೋಣೆಯಲ್ಲಿ ನಿಲ್ಲುತ್ತದೆ. ಉಬ್ಬಸದವರೂ ಎಳೆಯ ಮಕ್ಕಳೂ ಇರುವ ಮನೆಯಲ್ಲಿ ಕಿಟಕಿ ತೆರೆದಿಟ್ಟು ಕ್ಷಣಕಾಲ ಹಾಕಿ ತೆಗೆಯುವುದೇ ಲೇಸು.

ಇದುವರೆಗೆ ಹೇಳಿದ ದ್ರವ್ಯಗಳಲ್ಲಿ ಕೆಲವು ನಮಗೆ ಬರುವುದು ಬೆಟ್ಟದಿಂದ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಅಂಟುವಾಳ, ಸೀಗೆ, ನೆಲ್ಲಿ, ಜೇನುಗಳನ್ನು ತಂದು ಲ್ಯಾಂಪ್ಸ್ ಎಂಬ ಗಿರಿಜನರ ಸಹಕಾರ ಸಂಘಗಳ ಮೂಲಕ ಮಾರುತ್ತ ಬಂದವರು. ವನ್ಯಜೀವಿ ಕಾನೂನಿನ ತಿದ್ದುಪಡಿಯ ಫಲವಾಗಿ 2006ರಲ್ಲಿ ಅಭಯಾರಣ್ಯದೊಳಗೆ ಈ ಸಂಗ್ರಹವು ನಿಂತುಹೋಯಿತು. 2011ರಲ್ಲಿ ಬೆಟ್ಟವು ಹುಲಿ ಮೀಸಲು ಪ್ರದೇಶವಾದ ವರ್ಷದಲ್ಲಿಯೇ, ಅರಣ್ಯ ಹಕ್ಕು ಕಾಯಿದೆಯ ಅನ್ವಯ ಅವರ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರಗಳು ದೊರೆತವು. ನಮ್ಮ ಬಚ್ಚಲಿನ ನೆಲ ತೊಳೆಯುವ ಒಂದು ಹಿಡಿ ಕಾಯಿಯ ಹಿಂದೆ ಇಷ್ಟು ಚರಿತ್ರೆ ಇದೆ.

ಅದೇ ಬೆಟ್ಟದ ಮಾಗಳಿ ಬೇರಿನ ವಿಷಯ ಬೇರೆ. ಉಪ್ಪಿನಕಾಯಿಗೆ ಪ್ರಸಿದ್ಧವಾದ ಆ ಬೇರಿನ ಗಂಧದ್ರವ್ಯದಲ್ಲಿ ವೆನಿಲ್ಲಾದ ಪರಿಮಳದ್ರವ್ಯದಲ್ಲಿರುವಷ್ಟೇ ಪರಮಾಣುಗಳಿದ್ದು ಜೋಡಣೆ ಮಾತ್ರ ವ್ಯತ್ಯಾಸ; ಮೈಸೂರಿನ ಆಹಾರ ಸಂಶೋಧನಾಲಯವಾದ ಸಿ.ಎಫ್.ಟಿ.ಆರ್.ಐ.ಯ ವಿಜ್ಞಾನಿಗಳು ಆ ಬೇರು ದವಸಕ್ಕೆ ಹುಳು ಹಿಡಿಯದಂತೆ ಕಾಯಬಲ್ಲುದೆಂದು 1999ರಲ್ಲಿ ಪ್ರಕಟಿಸಿದರು. ಕಣಜದಲ್ಲಿಯೂ ಪೆಟ್ಟಿಗೆಯಲ್ಲಿಯೂ ಇಡಲು ಅದಕ್ಕಿಂತ ಒಳ್ಳೆಯ ಬೇರಿಲ್ಲವೆಂದು ಬಲ್ಲವರು ಹೇಳುವುದು ನಿಜವಾದರೂ, ಬೇರು ಕಿತ್ತರೆ ಗಿಡವೇ ಹೋಗುವುದರಿಂದ ಅದೀಗ ಅಳಿವಿನಂಚಿಗೆ ಬಂದಿದೆ. ಅದು ಉಪ್ಪಿನಕಾಯಿಯ ಜಾಡಿಗಷ್ಟೇ ಮೀಸಲಾಗಿರಲಿ. ಪೆಟ್ಟಿಗೆಗೆ ಹಿತ್ತಲಿನ ಲಕ್ಕಿ ಸೊಪ್ಪೇ ಸಾಲುವುದು. ಅಂಟುವಾಳವಾದರೆ ಮರದ ಕಾಯಿ, ಉದುರಿದುದನ್ನು ಆಯ್ದರೆ ಮರಕ್ಕೆ ಕೇಡಿಲ್ಲ. ಕೊಳ್ಳುವಾಗ ಕಾಯಿಯನ್ನು ಕಿವಿಯ ಬಳಿ ಅಲುಗಿಸಿ ನೋಡಬೇಕು; ಒಳಗೆ ಬೀಜ ಗಲಗಲವೆಂದರೆ ಚೆನ್ನಾಗಿ ಒಣಗಿದೆಯೆಂದು ತಿಳಿಯಬೇಕು. ಬೀಜ ತೆಗೆದು, ತೊಗಲನ್ನು ಮತ್ತೊಂದು ದಿನ ಬಿಸಿಲಿಗೆ ಹಾಕಿ, ತೇವ ತಾಕದ ಡಬ್ಬಿಯಲ್ಲಿ ತುಂಬಿಟ್ಟರೆ ಮುಂದಿನ ಸುಗ್ಗಿಯವರೆಗೆ ಕೆಡದು. ಕುದಿಸಿದ ನೀರನ್ನು ಕಣ್ಣಿಗೆ ತಾಕದಂತೆ ಬಳಸಿ, ಉಳಿದುದನ್ನು ಕೆರೆಗೆ ಬಿಡದೆ ಗಿಡದ ಬುಡಕ್ಕೆ ಚೆಲ್ಲಬೇಕು, ಏಕೆಂದರೆ ಆ ನೊರೆ ಮೀನಿಗೆ ವಿಷ.